ಬೆಳ್ಳನ ಹಕ್ಕಲು

ತಾಲ್ಲೂಕು ಕಚೇರಿಯ ಹಿಂದೆ, ಸಾಗರದಲ್ಲಿ,
ರೆಕಾರ್ಡ್ ರೂಮಿನ ತುಂಬ ಕೆಂಪು ಬಟ್ಟೆಯ ಗಂಟು.
ಜಬೀವುಲ್ಲಾ ಏಣಿ ಹತ್ತಿ ಒಂದೊಂದೇ ಕೆಳಗೆಸೆದು
ಸೀನುತ್ತಾನೆ. ಸೀನಿ ಕೇಳುತ್ತಾನೆ,
'ಯಾವ ಕಾಲದ್ದು ಬೇಕು ಟೀಚರ್?'

ಯಾವ ಕಾಲದ್ದೆಂದು ಹೇಳಲಿ.
ಅಪ್ಪ ಗುತ್ಯಪ್ಪ, ಅವನಪ್ಪ ದ್ಯಾವಪ್ಪ,
ಅವನಪ್ಪ ಮತ್ತೊಬ್ಬ ಗುತ್ಯಪ್ಪ.
ಅಲ್ಲಿಂದಾಚೆ ಗೇಣಿ ಚೀಟಿಯ ಮೇಲೆ ಬರೀ ಹೆಬ್ಬೆಟ್ಟು,
ನೀರಿಗೆ ಕಲ್ಲು ಬಿದ್ದ ಸುಳಿಯ ಹಾಗೆ,
ಎಸೆದ ಕೈ ಯಾರದೆಂದು ತಿಳಿಯದು.

ನಮ್ಮ ಜಾತಿಯ ಹೆಸರಿನೊಳಗೇ ಒಬ್ಬ ಕಾಲಾಳಿದ್ದಾನೆ,
ಹಳೇಪೈಕ.
ಹೆಂಡ ಇಳಿಸುವವರ ಮಗಳೆಂದು
ಮೂರನೇ ಕ್ಲಾಸಿನಲ್ಲಿ ನಕ್ಕವರಿಗೆ ಉತ್ತರ ಕೊಡಲು
ನಾನು ನಿವೃತ್ತಳಾಗಬೇಕಾಯಿತು.

ಹುಚ್ಚಮ್ಮತ್ತೆ ಹೇಳುತ್ತಿದ್ದಳು:
'ಬಿದನೂರು ಕೋಟೆ ಬಾಗ್ಲು ಕಾದೋನು ಕಣೆ ಅವ.
ತೊಡೇಲಿ ಗುಂಡು ಇಟ್ಕಂಡೇ ಉಂಬ್ಳಿ ನೆಲ ಉತ್ತೋನು.'
ಒಂದು ಸಲ ಎಡತೊಡೆ, ಒಂದು ಸಲ ಬಲ.
ಕೇಳಿದರೆ, 'ನಿಂಗೆ ಗುಂಡು ಬೇಕೋ, ತೊಡೆ ಬೇಕೋ?'

ಮನೆಯಲ್ಲೊಂದು ಕತ್ತಿ.
ಆಯುಧಪೂಜೆಗೆ ಕುಂಕುಮ, ಮಿಕ್ಕ ದಿನ ಹಲಸಿನ ಹಣ್ಣಿಗೆ.
ಶಿವಮೊಗ್ಗಕ್ಕೆ ಹೊತ್ತೊಯ್ದು ತಿಳಿದವರಿಗೆ ತೋರಿಸಿದೆ.
ಮಗುಚಿ ನೋಡಿದರು: 'ನೂರು ವರ್ಷವೂ ಆಗಿಲ್ಲಮ್ಮ.
ತೀರ್ಥಹಳ್ಳಿ ಕಡೆಯ ಕಮ್ಮಾರರ ಕೆಲಸ. ಹಲಸಿಗೇ ಮಾಡಿದ್ದು.'
ಬಸ್ಸಿನಲ್ಲಿ ಅದನ್ನು ಕಾಲಡಿ ಇಟ್ಟುಕೊಂಡು ಬಂದೆ.

ಆದರೂ ಬಿಡಲಿಲ್ಲ. ಹನ್ನೊಂದನೇ ಗಂಟಿನೊಳಗೆ
ಇದ್ದಿಲು ಬಳಿದ ಬಟ್ಟೆಯ ಕಡತ, ಮಡಿಕೆ ಮಡಿಕೆಯಾಗಿ,
ಬಳಪದ ಬಿಳಿ ಬರಹ,
ಜಡೆ ಬಿಚ್ಚಿ ಹರಡಿದ ಹಾಗೆ ಮೋಡಿ ಅಕ್ಷರ.
ಮೂವತ್ತೆರಡು ವರ್ಷ ಅಕ್ಷರ ತಿದ್ದಿಸಿದ ನನಗೆ
ಒಂದೂ ಓದಲು ಬರಲಿಲ್ಲ.

ಹುಂಚದ ಧರಣಪ್ಪನವರು ಫೋಟೋ ಹಿಗ್ಗಿಸಿ ಹಿಗ್ಗಿಸಿ
ಅನ್ನದಲ್ಲಿ ಕಲ್ಲು ಆರಿಸುವಂತೆ ಓದಿದರು:
'ಪೈಕದ ಗುತ್ಯ. ಕೋಟೆ ಚಾಕರಿ. ಕಾಲು ಊನ.'
ನನ್ನ ಎದೆ ಡವಡವ.
'ಬೈನೆ ಮರದಿಂದ ಬಿದ್ದು.'

ಕಾಫಿ ನೆತ್ತಿಗೇರುವಷ್ಟು ನಕ್ಕೆ.
ಅತ್ತೆ ಬದುಕಿದ್ದರೆ ಮರಕ್ಕೂ ಒಂದು ಕೋಟೆ ಕಟ್ಟುತ್ತಿದ್ದಳು.

ಧರಣಪ್ಪನವರು ನಗಲಿಲ್ಲ. ಬೆರಳು ಮುಂದಿನ ಸಾಲಿನಲ್ಲಿತ್ತು:
'ಸದರಿಯವನಿಗೆ, ಹಸಲರ ಬೆಳ್ಳನು ಬಿ...'
ಹುಳ ತಿಂದಿತ್ತು.
'ಬಿಟ್ಟ ಹಕ್ಕಲು ಅಂತಲೂ ಓದಬಹುದು,
ಬೆಳ್ಳನ್ನ ಬಿಡಿಸಿದ ಹಕ್ಕಲು ಅಂತಲೂ.
ಮೂರು ಖಂಡುಗ. ಉಂಬಳಿ.'
ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಲಿಲ್ಲ.

ಬೆಳ್ಳನ ಹಕ್ಕಲು.
ನಮ್ಮ ಗದ್ದೆಯ ಮೇಲಿನ ಆ ದಿಬ್ಬ.
ಬೆಳ್ಳನೆ ಮಣ್ಣಿಗೆ ಆ ಹೆಸರು ಎಂದಿದ್ದ ಅಪ್ಪ.
ಊರ ನಕ್ಷೆ ಬರೆಸುವಾಗ ನಾನೂ ಮಕ್ಕಳಿಗೆ ಹಾಗೇ ಹೇಳಿದೆ,
ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ.
ಅಲ್ಲಿಯ ಮಣ್ಣು ಕೆಂಪು.
ಮಳೆಗಾಲದಲ್ಲಿ ಪಾದ ತೊಳೆದರೆ ಕಲ್ಲೆಲ್ಲ ಕೆಂಪು.
ಇಷ್ಟು ವರ್ಷ ಕಣ್ಣಿಗೆ ಕಂಡದ್ದನ್ನು ಯಾರೂ ಕೇಳಲಿಲ್ಲ,
ಒಬ್ಬಳು ಹುಡುಗಿ ಬಿಟ್ಟು.
ಹಸಲರ ಕೇರಿಯ ಜಟ್ಟಮ್ಮ, ಕೊನೆಯ ಸಾಲು,
'ಕೆಂಪಲ್ವಾ ಟೀಚರ್?' ಅಂದಿದ್ದಳು.
ಕೂರು ಅಂದಿದ್ದೆ.
ಆಮೇಲೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ
ಗೈರು, ಗೈರು, ಗೈರು,
ಒಂದು ದಿನ ಹೆಸರೂ ಇಲ್ಲ.

ಮತ್ತೆ ಸಾಗರ, ದೃಢೀಕೃತ ನಕಲಿಗೆ.
ಗುತ್ಯನ ಅರ್ಜಿ ಸಲೀಸಾಗಿ ತುಂಬಿದೆ:
ಮರಿಮಗನ ಮರಿಮಗಳ ಲೆಕ್ಕದಲ್ಲಿ ಯಾವುದೋ ಒಂದು ತಲೆ.
ಇನ್ನೊಂದು ಅರ್ಜಿ ಕೇಳಿ ಪಡೆದೆ.
ಹೆಸರು: ಬೆಳ್ಳ. ತಂದೆಯ ಹೆಸರು: ಗೊತ್ತಿಲ್ಲ. ಊರು: ನಮ್ಮದೇ.
ಐದನೇ ಕಾಲಂ,
'ಸದರಿ ವ್ಯಕ್ತಿಗೂ ಅರ್ಜಿದಾರರಿಗೂ ಇರುವ ಸಂಬಂಧ'.

ಪೆನ್ನು ಅಲ್ಲಿ ನಿಂತಿತು.
ಜಬೀವುಲ್ಲಾ ಬೀಗದ ಕೈ ಅಲ್ಲಾಡಿಸಿದ,
'ಊಟದ ಹೊತ್ತು ಟೀಚರ್. ಎರಡೂವರೆಗೆ ತೆಗೀತೀನಿ.'
ಜಗಲಿಯ ಮೇಲೆ ಕೂತೆ.
ಚಪ್ಪಲಿಯ ಅಂಚಿಗೆ ಬೆಳಗಿನ ಮಣ್ಣು
ಇನ್ನೂ ಒಣಗಿರಲಿಲ್ಲ.